ಎರಿ ಮಣ್ಣಿಗೊಂದು, ಕೆಂಪು ಮಣ್ಣಿಗೊಂದು: ರಿಮೋಟ್ ಹುಲ್ಲು ಯಂತ್ರವನ್ನು ಸ್ವತಃ ಕಟ್ಟುವವರಿಗೆ ಹೋಲಿಕೆಯ ಮಾರ್ಗದರ್ಶಿ

ರಿಮೋಟಿನಿಂದ ನಡೆಯುವ ಹುಲ್ಲು ಕತ್ತರಿಸುವ ಯಂತ್ರವನ್ನು ಮನೆಯಲ್ಲಿ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಎಲೆಕ್ಟ್ರಾನಿಕ್ ಬೋರ್ಡುಗಳನ್ನು. ಚಕ್ರದ ಯೋಚನೆ ಅವರಿಗೆ ಬರುವುದು ಕಟ್ಟಕಡೆಗೆ. ಧಾರವಾಡದಲ್ಲಿ ನಮ್ಮ ಮನೆಯ ಹಿಂದಿರುವ ನಾಲ್ಕು ಗುಂಟೆ ಎರಿ (ಕಪ್ಪು ಜೇಡಿ) ನೆಲಕ್ಕಾಗಿ ನಾನು ಕಟ್ಟಿದ ಮೊದಲ ಯಂತ್ರವೂ ಇದೇ ಕ್ರಮದಲ್ಲಿ ಹುಟ್ಟಿತು, ಮತ್ತು ಜುಲೈ ತಿಂಗಳ ಎರಡನೆಯ ಜೋರು ಮಳೆಯ ನಂತರ ನಿಂತಲ್ಲೇ ನಿಂತಿತು. ಎರಡನೆಯದನ್ನು ನೆಲದಿಂದ ಮೇಲಕ್ಕೆ ಯೋಚಿಸುತ್ತ ಕಟ್ಟಿದೆ. ಅದು ಈಗ ಮೂರು ಮಳೆಗಾಲ ದುಡಿದಿದೆ. ಆದ್ದರಿಂದ ಈ ಹೋಲಿಕೆಯೂ ಮಣ್ಣಿನಿಂದ ಶುರುವಾಗಿ ಚಕ್ರ, ಮೋಟಾರು, ಬ್ಲೇಡು, ಬ್ಯಾಟರಿಗಳನ್ನು ದಾಟಿ ಕೊನೆಗೆ ರಿಮೋಟಿಗೆ ಬರುತ್ತದೆ.

ನೆಲ ಮತ್ತು ಚಕ್ರ

ಕಲಘಟಗಿ, ಅಳ್ನಾವರ ಕಡೆಯ ಕೆಂಪು ಮಣ್ಣಿಗೂ ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರಿ ಮಣ್ಣಿಗೂ ಒಂದೇ ಯಂತ್ರ ಹೊಂದುವುದಿಲ್ಲ. ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುವುದರಿಂದ ಮಳೆ ನಿಂತ ಮರುದಿನವೇ ಯಂತ್ರವನ್ನು ಇಳಿಸಬಹುದು. ಎರಿ ಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಜುಲೈಯಲ್ಲಿ ಚಕ್ರಕ್ಕೆ ಮೆತ್ತಿಕೊಳ್ಳುವ ನೆಲವೇ ಏಪ್ರಿಲ್‌ನಲ್ಲಿ ಸಣ್ಣ ಚಕ್ರವನ್ನು ಬಿರುಕಿನೊಳಗೆ ಇಳಿಸಿಕೊಳ್ಳುತ್ತದೆ. ಹುಲ್ಲು ಬೆಳೆಯುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ, ಅಂದರೆ ನೆಲ ಅತ್ಯಂತ ಮೆತ್ತಗಿರುವ ತಿಂಗಳುಗಳಲ್ಲೇ ಎಂಬುದನ್ನು ನೆನಪಿಟ್ಟರೆ, ಚಕ್ರದ ಆಯ್ಕೆಯನ್ನು ಮೊದಲಿಗೆ ಏಕೆ ಇಟ್ಟಿದ್ದೇನೆ ಎಂಬುದು ತಿಳಿಯುತ್ತದೆ.

ಮೂರು ವಿನ್ಯಾಸಗಳು ರೂಢಿಯಲ್ಲಿವೆ. ಮೊದಲನೆಯದರಲ್ಲಿ ಹಿಂದಿನ ಎರಡು ಚಕ್ರಗಳಿಗೆ ಒಂದೊಂದು ಮೋಟಾರು ಇದ್ದು, ಮುಂದೆ ಸುತ್ತಲೂ ತಿರುಗುವ ಕ್ಯಾಸ್ಟರ್ ಚಕ್ರಗಳಿರುತ್ತವೆ. ಎರಡೂ ಮೋಟಾರುಗಳು ವಿರುದ್ಧ ದಿಕ್ಕಿಗೆ ತಿರುಗಿದರೆ ಯಂತ್ರ ನಿಂತಲ್ಲೇ ಹೊರಳುತ್ತದೆ, ಹುಲ್ಲಿನ ಬೇರು ಕಿತ್ತು ಬರುವುದಿಲ್ಲ, ಖರ್ಚೂ ಕಡಿಮೆ. ಇದರ ದೌರ್ಬಲ್ಯವೆಲ್ಲ ಕ್ಯಾಸ್ಟರ್‌ನಲ್ಲಿದೆ. ನನ್ನ ಮೊದಲ ಯಂತ್ರಕ್ಕೆ ಸಾಮಾನು ಸಾಗಿಸುವ ಟ್ರಾಲಿಗೆ ಹಾಕುವಂಥ ನಾಲ್ಕು ಇಂಚಿನ ಪ್ಲಾಸ್ಟಿಕ್ ಕ್ಯಾಸ್ಟರ್ ಜೋಡಿಸಿದ್ದೆ. ಮಳೆಯ ಮರುದಿನ ಹತ್ತು ಅಡಿ ಸಾಗುವಷ್ಟರಲ್ಲಿ ಚಕ್ರಕ್ಕೂ ಅದನ್ನು ಹಿಡಿದ ಕವೆಗೂ ನಡುವೆ ಮಣ್ಣು ಮತ್ತು ಹುಲ್ಲಿನ ಎಸಳು ಸೇರಿ ಉಂಡೆಗಟ್ಟಿದವು, ಚಕ್ರ ಉರುಳುವುದನ್ನು ಬಿಟ್ಟು ನೇಗಿಲಿನ ಕುಳದಂತೆ ನೆಲವನ್ನು ಸೀಳುತ್ತ ಹೋಯಿತು, ಹಿಂದಿನ ಚಕ್ರಗಳು ಇದ್ದಲ್ಲೇ ತಿರುಗಿ ತಮ್ಮ ಕುಣಿಯನ್ನು ತಾವೇ ತೋಡಿಕೊಂಡವು. ಈಗಿನ ಯಂತ್ರದಲ್ಲಿ ಹತ್ತು ಇಂಚಿನ, ಗಾಳಿ ತುಂಬುವ ಕ್ಯಾಸ್ಟರ್ ಚಕ್ರಗಳಿವೆ. ಕವೆಯ ಎರಡೂ ಬದಿಗೆ ಒಂದೊಂದು ಇಂಚು ಖಾಲಿ ಬಿಡಿಸಿದ್ದೇನೆ. ಮಣ್ಣು ಈಗಲೂ ಮೆತ್ತುತ್ತದೆ, ಆದರೆ ಉದುರಿ ಬೀಳುವುದಕ್ಕೆ ಅದಕ್ಕೆ ಜಾಗವಿದೆ.

ಎರಡನೆಯ ವಿನ್ಯಾಸದಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಸಿಗುತ್ತದೆ. ಎಡಗಡೆಯ ಜೋಡಿಗೊಂದು, ಬಲಗಡೆಯ ಜೋಡಿಗೊಂದು ಮೋಟಾರು ಇಟ್ಟು ಚೈನಿನಿಂದ ಕೂಡಿಸುತ್ತಾರೆ. ಇಳಿಜಾರಿನಲ್ಲಿ ಇದರ ಹಿಡಿತ ಉತ್ತಮ. ಆದರೆ ತಿರುಗುವಾಗ ನಾಲ್ಕೂ ಚಕ್ರಗಳು ಅಡ್ಡಡ್ಡ ಜಾರಲೇಬೇಕಾದ್ದರಿಂದ ಮೋಟಾರಿಗೆ ನೇರ ನಡಿಗೆಗಿಂತ ಬಹಳ ಹೆಚ್ಚು ಭಾರ ಬೀಳುತ್ತದೆ, ಹಸಿ ನೆಲದಲ್ಲಿ ಪ್ರತಿ ತಿರುವಿನಲ್ಲೂ ಹುಲ್ಲು ಸಿಪ್ಪೆಯಂತೆ ಸುಲಿದು ಬರುತ್ತದೆ. ಮೂರನೆಯದು ಟ್ರ್ಯಾಕ್ಟರ್ ಮಾದರಿಯ ಚಕ್ರಗಳ ಬದಲು ಬುಲ್ಡೋಜರಿನಂತೆ ರಬ್ಬರ್ ಪಟ್ಟಿಯ ಮೇಲೆ ಚಲಿಸುವ ವಿನ್ಯಾಸ. ಭಾರ ಹರಡಿಕೊಳ್ಳುವುದರಿಂದ ಎರಿ ನೆಲಕ್ಕೆ ಇದೇ ಸರಿ ಎಂದು ಕಾಗದದ ಮೇಲೆ ಅನಿಸುತ್ತದೆ; ವಾಸ್ತವದಲ್ಲಿ ಪಟ್ಟಿ ಮತ್ತು ಅದನ್ನು ಎಳೆಯುವ ಸ್ಪ್ರಾಕೆಟ್ಟಿನ (ಹಲ್ಲುಚಕ್ರದ) ನಡುವೆ ಸೇರುವ ಜೇಡಿ ಪಟ್ಟಿಯನ್ನು ಹಳಿ ತಪ್ಪಿಸುತ್ತದೆ, ಅದನ್ನು ಕೆಸರಿನಲ್ಲಿ ಕುಳಿತು ಮತ್ತೆ ಏರಿಸುವ ಕೆಲಸ ಯಾರಿಗೂ ಬೇಡ. ಮನೆಯ ಯಂತ್ರಕ್ಕೆ ನಾನು ಇದನ್ನು ಸೂಚಿಸುವುದಿಲ್ಲ.

ಸಮತಟ್ಟಾದ ನೆಲವಿದ್ದವರಿಗೆ, ಮಣ್ಣು ಯಾವುದೇ ಇರಲಿ, ದೊಡ್ಡ ಕ್ಯಾಸ್ಟರ್‌ನ ಮೊದಲ ವಿನ್ಯಾಸವೇ ಸಾಕು. ಕೆಂಪು ಮಣ್ಣಿಗೆ ಗಾಲಿಕುರ್ಚಿಯ ಟೈರು ನಡೆಯುತ್ತದೆ. ಎರಿ ಮಣ್ಣಿಗೆ ಪವರ್ ಟಿಲ್ಲರ್ ಟೈರಿನಂತೆ ಆಳವಾದ ಹಲ್ಲುಗಳು ದೂರದೂರ ಇರುವ ಟೈರು ಬೇಕು, ಏಕೆಂದರೆ ಒತ್ತಾದ ಹಲ್ಲುಗಳ ನಡುವೆ ಮಣ್ಣು ತುಂಬಿದ ಮೇಲೆ ಅದು ನುಣುಪಾದ ಟೈರೇ ಸರಿ. ಕೃಷಿ ಹೊಂಡದ ಒಡ್ಡಿನ ಮೇಲೆ ಯಂತ್ರ ಓಡಿಸುವ ಆಸೆಯಿದ್ದವರು ಮಾತ್ರ ನಾಲ್ಕು ಚಕ್ರದ ವಿನ್ಯಾಸಕ್ಕೆ ಹೋಗಬೇಕು, ಮತ್ತು ಒಡ್ಡಿನ ನೆತ್ತಿಯಲ್ಲಿ ಓಡಿಸಬೇಕೇ ಹೊರತು ನೀರಿನ ಕಡೆಯ ಇಳಿಜಾರಿನಲ್ಲಿ ಅಲ್ಲ.

ನಡೆಸುವ ಮೋಟಾರು

ಇಲ್ಲಿ ಸ್ವಲ್ಪ ಲೆಕ್ಕ ಮಾಡಿದರೆ ಅರ್ಧ ಗೊಂದಲ ಹೋಗುತ್ತದೆ. ಯಂತ್ರದ ತೂಕ 40 ಕಿಲೋ ಎಂದಿಟ್ಟುಕೊಳ್ಳಿ. 15 ಡಿಗ್ರಿ ಇಳಿಜಾರನ್ನು ಏರಲು ಸುಮಾರು 100 ನ್ಯೂಟನ್, ಹುಲ್ಲಿನ ಮೇಲೆ ಉರುಳುವ ಪ್ರತಿರೋಧಕ್ಕೆ ಸುಮಾರು 40 ನ್ಯೂಟನ್, ಒಟ್ಟು 140 ನ್ಯೂಟನ್ ಬಲ ಬೇಕು. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಇದು 140 ವ್ಯಾಟ್. ಗೇರು ಮತ್ತು ಮೋಟಾರಿನ ನಷ್ಟವನ್ನು ಸೇರಿಸಿದರೆ 230 ವ್ಯಾಟ್‌ನಷ್ಟಾಗುತ್ತದೆ. ಕೆಸರಿಗೆ ಮತ್ತು ತಿರುವಿಗೆ ಇನ್ನಷ್ಟು ಮೀಸಲಿಡಬೇಕು.

ಗುಜರಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕಾರಿನ ವೈಪರ್ ಮೋಟಾರು ಅಗ್ಗ, ಅದರ ನಿಧಾನಗತಿಯೂ ಅನುಕೂಲಕರ. ಆದರೆ ಅದು ಗಾಜಿನ ಮೇಲೆ ಕಡ್ಡಿ ಆಡಿಸುವುದಕ್ಕೆ ಹುಟ್ಟಿದ್ದು, ಅದರ ಶಾಫ್ಟಿನ ಮೇಲೆ ನೇರವಾಗಿ ಚಕ್ರ ಕೂರಿಸಿ 40 ಕಿಲೋ ಹೊರಿಸಿದರೆ ಶಾಫ್ಟನ್ನು ಹಿಡಿದ ಬುಷ್ (ಲೋಹದ ಬಳೆ) ತೇಯುತ್ತದೆ, ಅರ್ಧ ಗಂಟೆಯಲ್ಲಿ ಮೈ ಮುಟ್ಟಲಾಗದಷ್ಟು ಕಾಯುತ್ತದೆ. 20 ಕಿಲೋದೊಳಗಿನ, ಅಂಗಳದ ಕರಕಿಯನ್ನು ಮಾತ್ರ ಕತ್ತರಿಸುವ ಚಿಕ್ಕ ಯಂತ್ರಕ್ಕಷ್ಟೇ ಅದು ಯೋಗ್ಯ. ಬ್ಯಾಟರಿ ಸೈಕಲ್ಲಿಗೆ ಬಳಸುವ 24 ವೋಲ್ಟ್, 250 ವ್ಯಾಟ್ ಗೇರ್ ಮೋಟಾರು ನಡುವಿನ ದಾರಿ: ಅದರ ತುದಿಗಿರುವ ಸ್ಪ್ರಾಕೆಟ್ಟಿನಿಂದ ಚಕ್ರಕ್ಕೆ ಚೈನ್ ಹಾಕಿ ವೇಗವನ್ನು ಮತ್ತಷ್ಟು ಇಳಿಸಿಕೊಳ್ಳಬಹುದು. ವಿದ್ಯುತ್ ಗಾಲಿಕುರ್ಚಿಯ ಮೋಟಾರು ಎಲ್ಲಕ್ಕಿಂತ ಮೇಲು. ಒಬ್ಬ ಮನುಷ್ಯನನ್ನು ಹೊತ್ತು ಇಳಿಜಾರು ಏರಲೆಂದೇ ಅದನ್ನು ಮಾಡಿರುತ್ತಾರೆ, ಶಾಫ್ಟು ಚಕ್ರದ ಭಾರ ತಡೆಯುತ್ತದೆ, ಜೊತೆಗೆ ವಿದ್ಯುತ್ ಹೋದ ಕೂಡಲೇ ಕಚ್ಚಿಕೊಳ್ಳುವ ಬ್ರೇಕು ಹಲವು ಮಾದರಿಗಳಲ್ಲಿ ಇರುತ್ತದೆ. ಆ ಬ್ರೇಕನ್ನು ಬಿಡಿಸಲು ಪ್ರತ್ಯೇಕವಾಗಿ ವಿದ್ಯುತ್ ಕೊಡಬೇಕು ಎಂಬುದನ್ನು ತಿಳಿಯದೆ ಮೋಟಾರು ಕೆಟ್ಟಿದೆ ಎಂದು ಮರಳಿಸಿದವರುಂಟು.

ಚಕ್ರದ ವ್ಯಾಸವನ್ನು ಮೋಟಾರಿನ ವೇಗದೊಂದಿಗೆ ಕೂಡಿಸಿಯೇ ನೋಡಬೇಕು. ನಿಮಿಷಕ್ಕೆ 120 ಸುತ್ತಿನ ಮೋಟಾರಿಗೆ 30 ಸೆಂಟಿಮೀಟರ್ ಚಕ್ರ ಹಾಕಿದರೆ ಯಂತ್ರ ಗಂಟೆಗೆ ಆರೂಮುಕ್ಕಾಲು ಕಿಲೋಮೀಟರ್ ಓಡುತ್ತದೆ, ಅಂದರೆ ಹಿಂದೆ ನಡೆಯುವವರು ದಾಪುಗಾಲು ಹಾಕಬೇಕು. ಹುಲ್ಲು ಚೊಕ್ಕಟವಾಗಿ ಕತ್ತರಿಸಲು ಮೂರು ಕಿಲೋಮೀಟರ್ ವೇಗ ಹಿತಕರ, ಆದ್ದರಿಂದ 60 ಸುತ್ತಿನ ಆಸುಪಾಸಿನ ಮೋಟಾರನ್ನು ಹುಡುಕಬೇಕು, ಇಲ್ಲವೇ ಚೈನಿನಿಂದ ಅರ್ಧಕ್ಕಿಳಿಸಬೇಕು.

ಚಕ್ರವನ್ನು ಶಾಫ್ಟಿಗೆ ಕೂರಿಸುವ ಕೆಲಸದಲ್ಲಿ ಮಾತ್ರ ಕೈ ಬಿಗಿ ಹಿಡಿಯಬಾರದು. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ ಮತ್ತು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಗಳು ಹತ್ತಿರವಿರುವುದು ನಮ್ಮ ಭಾಗದವರ ಪುಣ್ಯ. ಲೇತ್ ಕೆಲಸಕ್ಕೆ ಅಲೆಯಬೇಕಾಗಿಲ್ಲ. ನಾನು ಚಕ್ರವನ್ನು ಶಾಫ್ಟಿಗೆ ಬೆಸೆದುಬಿಡಿ ಎಂದಾಗ ಲೇತಿನ ಮಿಸ್ತ್ರಿಯವರು ಕೆಲಸ ಕೈಗೆತ್ತಿಕೊಳ್ಳಲೇ ಇಲ್ಲ. “ವೆಲ್ಡಿಂಗ್ ಹೊಡದ್ರ ಶಾಫ್ಟ್ ಸೊಟ್ಟ ಆಗ್ತೈತ್ರಿ ಸರ, ಮುಂದ ಬೇರಿಂಗ್ ಬದಲಿ ಮಾಡಾಕ ಬರಂಗಿಲ್ಲ, ಹಬ್ ಮಾಡಿಸ್ರಿ” ಎಂದರು. ಕೀ (ಚಕ್ರವನ್ನು ಶಾಫ್ಟಿಗೆ ಕಚ್ಚಿಸುವ ಲೋಹದ ಚಿಕ್ಕ ತುಂಡು) ಕೂರಿಸಲು ತೋಡು ಕೊರೆದ ಹಬ್, ಅಂದರೆ ಚಕ್ರದ ನಡುವಿನ ಗುಂಬವನ್ನು ಮಾಡಿಸಿಕೊಂಡೆ. ಈ ಮೂರು ವರ್ಷಗಳಲ್ಲಿ ಎರಡು ಸಲ ಚಕ್ರ ಬಿಚ್ಚುವಾಗ ಅವರ ಮಾತಿನ ಬೆಲೆ ತಿಳಿಯಿತು.

ಬ್ಲೇಡು: ಪೆಟ್ರೋಲೋ, ವಿದ್ಯುತ್ತೋ

ಈ ಪ್ರಶ್ನೆಗೆ ಉತ್ತರ ಜಾಗದ ವಿಸ್ತಾರದಲ್ಲಿದೆ. ಒಂದು ಗುಂಟೆಯೆಂದರೆ 1089 ಚದರ ಅಡಿ, ಸುಮಾರು 101 ಚದರ ಮೀಟರ್. 45 ಸೆಂಟಿಮೀಟರ್ ಅಗಲದ ಬ್ಲೇಡು ಪ್ರತಿ ಸಾಲಿನಲ್ಲಿ ಸ್ವಲ್ಪ ಮೇಲೆ ಮೇಲೆ ಬರುವಂತೆ, ಸೆಕೆಂಡಿಗೆ 80 ಸೆಂಟಿಮೀಟರ್ ವೇಗದಲ್ಲಿ ಸಾಗಿದರೆ ಗುಂಟೆಗೆ ಐದು ನಿಮಿಷ ಸಾಕು. ತಿರುವುಗಳ ಹೊತ್ತನ್ನು ಸೇರಿಸಿ ಏಳೆಂಟು ನಿಮಿಷ ಎನ್ನೋಣ. ಆರು ಗುಂಟೆಯೊಳಗಿನ ಕೆಲಸ ಒಂದು ಗಂಟೆಯೊಳಗೆ ಮುಗಿಯುತ್ತದೆ, ಅಷ್ಟು ಹೊತ್ತನ್ನು ಬ್ಯಾಟರಿ ನಿಭಾಯಿಸಬಲ್ಲದು. ಅರ್ಧ ಎಕರೆಗೆ, ಅಂದರೆ 20 ಗುಂಟೆಗೆ, ಪೆಟ್ರೋಲ್ ಎಂಜಿನ್ನೇ ಲೇಸು.

ಪೆಟ್ರೋಲಿನ ದಾರಿ ಹಿಡಿಯುವವರು ಹೊಸದಾಗಿ ಏನನ್ನೂ ಕಟ್ಟದೆ, ಕೈಯಿಂದ ತಳ್ಳುವ ಹಳೆಯ ಪೆಟ್ರೋಲ್ ಮೂವರ್ ಒಂದನ್ನು ಕೊಂಡು, ಅದರ ಹಿಡಿಕೆ ಮತ್ತು ಚಕ್ರಗಳನ್ನು ತೆಗೆದು, ಸುತ್ತಲೂ ಚೌಕ ಪೈಪಿನ ಚೌಕಟ್ಟು ಕಟ್ಟಿ ಮೋಟಾರು ಚಕ್ರಗಳನ್ನು ಜೋಡಿಸುವುದು ಅತ್ಯಂತ ಸುರಕ್ಷಿತ. ಬ್ಲೇಡು, ಅದರ ಮೇಲಿನ ತಗಡಿನ ಕವಚ, ಸಮತೋಲ ಎಲ್ಲವೂ ಕಾರ್ಖಾನೆಯಲ್ಲಿ ಆಗಿ ಬಂದಿರುತ್ತವೆ. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆ ತಳದಲ್ಲಿ ನಿಂತಿರುವುದರಿಂದ ಕಡಿದಾದ ಇಳಿಜಾರಿನಲ್ಲಿ ಭಾಗಗಳಿಗೆ ಎಣ್ಣೆ ತಲುಪದೆ ಹೋಗಬಹುದು. ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸುವ ಎರಡು ಸ್ಟ್ರೋಕ್ ಎಂಜಿನ್ನಿಗೆ ಈ ತೊಂದರೆಯಿಲ್ಲ, ಆದರೆ ಹೊಗೆ ಮತ್ತು ಸದ್ದು ಹೆಚ್ಚು. ಎಂಜಿನ್ನನ್ನು ದೂರದಿಂದ ನಿಲ್ಲಿಸಲು ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ ತಂತಿಯನ್ನು ಎಂಜಿನ್ನಿನ ಮೈಗೆ ತಾಗಿಸುವ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಹಾಕಬೇಕು. ರಿಲೇಗೆ ವಿದ್ಯುತ್ ಇಲ್ಲದಿದ್ದಾಗ ಎಂಜಿನ್ ನಿಲ್ಲುವಂತೆ, ವಿದ್ಯುತ್ ಇದ್ದಾಗ ಮಾತ್ರ ಓಡುವಂತೆ ಜೋಡಿಸಬೇಕು. ತಿರುಗಾಮುರುಗಾ ಜೋಡಿಸಿದರೆ, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಸತ್ತ ದಿನ ಎಂಜಿನ್ ನಿಲ್ಲಿಸಲು ಯಾರಾದರೂ ತಿರುಗುವ ಬ್ಲೇಡಿನ ಹತ್ತಿರ ಹೋಗಬೇಕಾಗುತ್ತದೆ.

ವಿದ್ಯುತ್ ಬ್ಲೇಡಿಗೆ 24 ವೋಲ್ಟಿನ, 500 ವ್ಯಾಟ್ ಮೋಟಾರು ಅಂಗಳದ ಹುಲ್ಲಿಗೆ ಸಾಲುತ್ತದೆ. ಬ್ರಷ್ (ತಿರುಗುವ ಭಾಗಕ್ಕೆ ತಾಗಿ ವಿದ್ಯುತ್ ಕೊಡುವ ಇದ್ದಿಲ ತುಂಡು) ಇರುವ ಮೋಟಾರಿಗೆ ಎರಡು ತಂತಿ, ಒಂದು ರಿಲೇ, ಒಂದು ಫ್ಯೂಸು ಇದ್ದರಾಯಿತು; ಬ್ರಷ್ ಇಲ್ಲದ್ದು ಕಡಿಮೆ ಬ್ಯಾಟರಿ ಕುಡಿಯುತ್ತದೆ, ಆದರೆ ಅದರ ಕಂಟ್ರೋಲರನ್ನು ಹಸಿ ಹುಲ್ಲು ಮತ್ತು ಧೂಳಿನಿಂದ ಕಾಪಾಡಬೇಕು. ಮೊದಲ ಸಲ ಕಟ್ಟುವವರು ಬ್ರಷ್ ಮೋಟಾರನ್ನೇ ಆರಿಸಿಕೊಳ್ಳಲಿ. ಬ್ಲೇಡನ್ನು ಮೋಟಾರಿನ ಶಾಫ್ಟಿಗೇ ಬಿಗಿಯುವುದು ಸುಲಭ, ಆದರೆ ಕಲ್ಲಿಗೆ ಬಡಿದ ಪ್ರತಿ ಹೊಡೆತವೂ ಮೋಟಾರಿನ ಬೇರಿಂಗಿಗೆ ಹೋಗುತ್ತದೆ. ಎರಡು ಬೇರಿಂಗುಗಳ ನಡುವೆ ಪ್ರತ್ಯೇಕ ಶಾಫ್ಟ್ ನಿಲ್ಲಿಸಿ ಬೆಲ್ಟಿನಿಂದ ಓಡಿಸಿದರೆ ಬೆಲ್ಟು ಜಾರಿ ಆ ಹೊಡೆತವನ್ನು ನುಂಗಿಕೊಳ್ಳುತ್ತದೆ. ನೂರಾರು ರೂಪಾಯಿ ಹೆಚ್ಚಾದರೂ ಎರಡನೆಯದೇ ವಾಸಿ.

ಬ್ಲೇಡಿನ ಆಕಾರದ ವಿಷಯದಲ್ಲಿ ನಮ್ಮ ಕಡೆ ಒಂದು ಕೆಟ್ಟ ರೂಢಿಯಿದೆ: ಲಾರಿಯ ಕಮಾನ್ ಪಾಟಾ ತುಂಡನ್ನು ಕಾಯಿಸಿ ಬಡಿದು ಬ್ಲೇಡು ಮಾಡುವುದು. 45 ಸೆಂಟಿಮೀಟರ್ ಉದ್ದದ ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದರ ತುದಿ ಸೆಕೆಂಡಿಗೆ 70 ಮೀಟರ್, ಅಂದರೆ ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿರುತ್ತದೆ. ಸರಿಯಾಗಿ ಹದ ಮಾಡದ ಉಕ್ಕು ಆ ವೇಗದಲ್ಲಿ ಕಲ್ಲಿಗೆ ಬಡಿದರೆ ಬಾಗುವುದಿಲ್ಲ, ಸಿಡಿಯುತ್ತದೆ. ಸಿದ್ಧ ಬ್ಲೇಡನ್ನೇ ಕೊಳ್ಳಬೇಕು. ದಪ್ಪ ತಟ್ಟೆಯ ಅಂಚಿಗೆ ಬೋಲ್ಟಿನ ಮೇಲೆ ಸಡಿಲವಾಗಿ ತಿರುಗುವ ಎರಡು ಚಿಕ್ಕ ಬ್ಲೇಡುಗಳನ್ನು ಹಾಕುವ ಕ್ರಮ ಕಲ್ಲು ಹೆಚ್ಚಿರುವ ನೆಲಕ್ಕೆ ಇನ್ನೂ ಒಳ್ಳೆಯದು, ಏಕೆಂದರೆ ಕಲ್ಲು ತಾಗಿದಾಗ ಬ್ಲೇಡು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಮಾರುಕಟ್ಟೆಯ ಸ್ವಯಂಚಾಲಿತ ರೋಬಾಟ್‌ಗಳಲ್ಲಿರುವ ತೆಳ್ಳನೆಯ, ಕ್ಷೌರದ ಬ್ಲೇಡಿನಂಥ ತುಂಡುಗಳು ದಿನ ಬಿಟ್ಟು ದಿನ ಕತ್ತರಿಸುವ ಮೆದುವಾದ ಹುಲ್ಲಿಗೆ ಮಾತ್ರ. ಶ್ರಾವಣದಲ್ಲಿ ಮೊಣಕಾಲೆತ್ತರ ಬೆಳೆದ ಕಾಂಗ್ರೆಸ್ ಕಸದ ಮುಂದೆ ಅವು ಏನೂ ಅಲ್ಲ. ನೈಲಾನ್ ದಾರ ಕಲ್ಲಿಗೆ ಹೆದರುವುದಿಲ್ಲ, ಗಟ್ಟಿ ಕಾಂಡವನ್ನೂ ಕತ್ತರಿಸುವುದಿಲ್ಲ.

ಕಾಂಗ್ರೆಸ್ ಕಸ ಮೈಗೆ ತಾಗಿ ತುರಿಕೆ, ಅದರ ಪರಾಗದಿಂದ ಉಬ್ಬಸ ಅನುಭವಿಸಿದವರಿಗೆ ರಿಮೋಟಿನ ನಿಜವಾದ ಲಾಭ ಇಲ್ಲಿಯೇ ಕಾಣುತ್ತದೆ: ಗಾಳಿ ಬರುವ ದಿಕ್ಕಿನಲ್ಲಿ ಮೂವತ್ತು ಅಡಿ ದೂರ ನಿಂತು, ಹೂ ಬಿಡುವ ಮೊದಲೇ ಅದನ್ನು ಸವರಿಹಾಕಬಹುದು.

ಬ್ಯಾಟರಿ

ಬ್ಲೇಡಿಗೆ 500, ನಡಿಗೆಗೆ ಸರಾಸರಿ 150, ಒಟ್ಟು 650 ವ್ಯಾಟ್ ಎಂದು ಲೆಕ್ಕ ಹಿಡಿದರೆ 24 ವೋಲ್ಟಿನಲ್ಲಿ 27 ಆಂಪಿಯರ್ ಹರಿಯುತ್ತದೆ. 12 ವೋಲ್ಟ್, 35 ಆಂಪಿಯರ್-ಗಂಟೆಯ ಎರಡು ಸೀಸದ ಬ್ಯಾಟರಿಗಳನ್ನು ಅರ್ಧದಷ್ಟೇ ಬಳಸುವುದು ಅವುಗಳ ಆಯುಷ್ಯಕ್ಕೆ ಹಿತ. ಹಾಗೆ ಬಳಸಿದರೆ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಕೆಲಸ ಸಿಗುತ್ತದೆ, ಯಂತ್ರಕ್ಕೆ ಇಪ್ಪತ್ತು ಕಿಲೋಗಿಂತ ಹೆಚ್ಚು ತೂಕ ಸೇರುತ್ತದೆ. ಎಂಟು ಸೆಲ್ಲುಗಳ, 30 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 768 ವ್ಯಾಟ್-ಗಂಟೆ ಹಿಡಿಯುತ್ತದೆ, ಅದರಲ್ಲಿ ಶೇಕಡಾ 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದಾದ್ದರಿಂದ ಹೆಚ್ಚುಕಡಿಮೆ ಒಂದು ಗಂಟೆ ನಡೆಯುತ್ತದೆ, ತೂಕ ಮೂರರಲ್ಲೊಂದು ಪಾಲು. ಎರಿ ನೆಲದಲ್ಲಿ ಈ ತೂಕದ ವ್ಯತ್ಯಾಸವೇ ಯಂತ್ರ ಹೂತುಹೋಗುವುದನ್ನೂ ಹೊರಬರುವುದನ್ನೂ ತೀರ್ಮಾನಿಸುತ್ತದೆ.

ಸೀಸದ ಬ್ಯಾಟರಿಯ ವಿರುದ್ಧ ನನಗೆ ಇನ್ನೊಂದು ತಕರಾರಿದೆ. ನಮ್ಮ ಕಡೆ ಈ ಯಂತ್ರ ವರ್ಷದಲ್ಲಿ ಐದು ತಿಂಗಳು ದುಡಿದು ಏಳು ತಿಂಗಳು ಮೂಲೆ ಸೇರುತ್ತದೆ. ದೀಪಾವಳಿಯ ಹೊತ್ತಿಗೆ ಅರ್ಧ ಖಾಲಿಯಾಗಿ ಬಿಟ್ಟ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮುಂದಿನ ಕಾರಹುಣ್ಣಿಮೆಗೆ ತೆಗೆದು ನೋಡಿದರೆ ಅದು ಚಾರ್ಜನ್ನೇ ಹಿಡಿಯುವುದಿಲ್ಲ. ತಿಂಗಳಿಗೊಮ್ಮೆ ತಪ್ಪದೆ ಚಾರ್ಜ್ ಮಾಡುವ ಶಿಸ್ತಿದ್ದವರಿಗೆ, ಕೆಂಪು ನೆಲದವರಿಗೆ, ಕೈಯಲ್ಲಿ ಹಣ ಕಡಿಮೆಯಿದ್ದವರಿಗೆ ಅದು ಈಗಲೂ ತಕ್ಕದ್ದೇ. ಹಳೆಯ ವಿದ್ಯುತ್ ಸ್ಕೂಟರಿನಿಂದ ಕಿತ್ತ, ಯಾವ ಬಗೆಯದೆಂದು ತಿಳಿಯದ ಲಿಥಿಯಂ ಪ್ಯಾಕನ್ನು ಬೇಸಿಗೆಯ ಪತ್ರಾಸ್ (ತಗಡಿನ) ಶೆಡ್ಡಿನಲ್ಲಿಡುವ ಸಾಹಸ ಮಾತ್ರ ಬೇಡ. ಬ್ಯಾಟರಿ ಯಾವುದಾದರೂ ಅದರ ಮಗ್ಗುಲಲ್ಲೇ ಒಂದು ದೊಡ್ಡ ಫ್ಯೂಸು ಇರಬೇಕು. ಮನೆಯ ಮೀಟರ್ ಬೋರ್ಡಿನ ಎಂಸಿಬಿ (ತಾನಾಗಿ ಕಡಿದುಕೊಳ್ಳುವ ಸ್ವಿಚ್ಚು) ಪರ್ಯಾಯ ವಿದ್ಯುತ್ತಿಗೆ (ಎಸಿ) ಮಾಡಿದ್ದು, ಬ್ಯಾಟರಿಯ ನೇರ ವಿದ್ಯುತ್ತಿನ (ಡಿಸಿ) ಕಿಡಿಯನ್ನು ಆರಿಸುತ್ತದೆಂದು ಅದನ್ನು ನಂಬಬಾರದು.

ಡ್ರೈವರ್ ಬೋರ್ಡು ಮತ್ತು ರಿಮೋಟು

ರಿಮೋಟಿನ ಆಜ್ಞೆಯಂತೆ ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಅಳೆದು ಕೊಡುವುದು ಡ್ರೈವರ್ ಬೋರ್ಡು. ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಕಾಣುವ ಎಲ್298ಎನ್ ಬೋರ್ಡು ಒಂದು ಮೋಟಾರಿಗೆ ಎರಡು ಆಂಪಿಯರ್ ಮಾತ್ರ ಕೊಡಬಲ್ಲದು, ಅದು ಆಟಿಕೆಗೆ. ಬಿಟಿಎಸ್7960 ಬೋರ್ಡಿನ ಮೇಲೆ 43 ಆಂಪಿಯರ್ ಎಂದು ಬರೆದಿರುತ್ತದೆ, ಆದರೆ ಅದರ ಚಿಕ್ಕ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ನೋಡಿದರೆ ಆ ಅಂಕಿಯ ಮೂರನೆಯ ಒಂದು ಪಾಲನ್ನು ನೆಚ್ಚುವುದು ಜಾಣತನ. ಬೆಲೆ ಅಗ್ಗ, ಮೋಟಾರಿಗೊಂದರಂತೆ ಎರಡು ಬೇಕು, ನಡುವೆ ಆರ್ಡುಯಿನೊ ಎಂಬ ಚಿಕ್ಕ ಕಂಪ್ಯೂಟರ್ ಬೋರ್ಡನ್ನು ಇಟ್ಟು ಪ್ರೋಗ್ರಾಂ ಬರೆಯಬೇಕು. ಪ್ರೋಗ್ರಾಂ ಬರೆಯುವ ಅಭ್ಯಾಸವಿಲ್ಲದವರು ಎರಡೂ ಮೋಟಾರುಗಳನ್ನು ನಡೆಸುವ, ರಿಸೀವರಿನ ತಂತಿಯನ್ನು ನೇರವಾಗಿ ಚುಚ್ಚಬಹುದಾದ 30 ಆಂಪಿಯರಿನ ಡ್ರೈವರ್ ಕೊಳ್ಳಲಿ. ಒಂದೇ ಕೋಲಿನಿಂದ ಮುಂದೆ, ಹಿಂದೆ, ಎಡ, ಬಲ ನಡೆಸುವ ಮಿಶ್ರಣವೂ ಅದರೊಳಗೇ ಇರುತ್ತದೆ.

ರಿಮೋಟಿನ ವಿಷಯದಲ್ಲಿ ನಾನು ಪಕ್ಷಪಾತಿ, ಅದಕ್ಕೆ ಕಾರಣವಿದೆ. ಮೊದಲ ಯಂತ್ರವನ್ನು ಮೊಬೈಲಿನ ಬ್ಲೂಟೂತ್‌ನಿಂದ ನಡೆಸುತ್ತಿದ್ದೆ. ಒಂದು ಬೆಳಿಗ್ಗೆ, ಬ್ಲೇಡು ಆರಿಸಿ ಯಂತ್ರವನ್ನು ಶೆಡ್ಡಿನ ಕಡೆ ತರುತ್ತಿರುವಾಗ ಯಾರದೋ ಕರೆ ಬಂತು. ಪರದೆಯ ಮೇಲಿನ ಗುಂಡಿಗಳು ಮಾಯವಾದವು, ಯಂತ್ರ ಮಾತ್ರ ಕೊನೆಯ ಆಜ್ಞೆಯನ್ನು ಪಾಲಿಸುತ್ತ ನೆಟ್ಟಗೆ ಹೋಗಿ ತುಳಸಿ ಕಟ್ಟೆಗೆ ಹಣೆ ಹಚ್ಚಿ, ಚಕ್ರ ತಿರುಗಿಸುತ್ತಲೇ ನಿಂತಿತು. ಬ್ಲೇಡು ಓಡುತ್ತಿದ್ದು, ಕಟ್ಟೆಯ ಜಾಗದಲ್ಲಿ ರಂಗೋಲಿ ಹಾಕುತ್ತಿದ್ದ ಯಾರಾದರೂ ಇದ್ದಿದ್ದರೆ ಎಂದು ನೆನೆದು ಅಂದೇ ಬ್ಲೂಟೂತ್ ಮಾಡ್ಯೂಲನ್ನು ಕಿತ್ತೆ. ಅದರ ವ್ಯಾಪ್ತಿಯೂ ಹತ್ತು ಮೀಟರಿನ ಆಸುಪಾಸು ಮಾತ್ರ. ವೈಫೈ ಇರುವ ಇಎಸ್‌ಪಿ32 ಬೋರ್ಡಿಗೆ ಕ್ಯಾಮೆರಾ ಜೋಡಿಸಬಹುದು, ಆದರೆ ಚಿತ್ರ ತಡವಾಗಿ ಬರುವುದರಿಂದ ಕಣ್ಣೆದುರಿನ ಯಂತ್ರವನ್ನು ನಡೆಸಲು ಅದರ ಅಗತ್ಯವೇ ಇಲ್ಲ. ಮಾದರಿ ವಿಮಾನಗಳಿಗೆ ಬಳಸುವ 2.4 ಗಿಗಾಹರ್ಟ್ಸ್‌ನ ಆರು ಚಾನೆಲ್ (ಆರು ಬೇರೆ ಬೇರೆ ಆಜ್ಞೆ ಕಳಿಸಬಲ್ಲ) ರೇಡಿಯೊ, ಉದಾಹರಣೆಗೆ ಫ್ಲೈಸ್ಕೈ ಎಫ್‌ಎಸ್-ಐ6, ಈ ಕೆಲಸಕ್ಕೆ ಎಲ್ಲ ರೀತಿಯಲ್ಲೂ ಮೇಲು: ಸ್ಪ್ರಿಂಗ್ ಇರುವ ಕೋಲು ಬಿಟ್ಟರೆ ನಡುವಿಗೆ ಬರುತ್ತದೆ, ಬೆರಳಿಗೆ ಅದರ ಸ್ಥಾನ ತಿಳಿಯುತ್ತದೆ, ಸಂಕೇತ ಕಡಿದಾಗ ಏನಾಗಬೇಕೆಂಬ ಫೇಲ್‌ಸೇಫ್ ವ್ಯವಸ್ಥೆಯಿದೆ. ಈ ಫೇಲ್‌ಸೇಫ್ ತಾನಾಗಿಯೇ ಸರಿ ಇರುತ್ತದೆಂದು ತಿಳಿಯಬಾರದು. ಸಂಕೇತ ಹೋದಾಗ ಎರಡೂ ಚಕ್ರಗಳು ನಿಲ್ಲಬೇಕು, ಬ್ಲೇಡಿನ ಚಾನೆಲ್ ಆರಬೇಕು ಎಂದು ರಿಮೋಟಿನ ಮೆನುವಿನಲ್ಲಿ ನಾವೇ ಬರೆದಿಡಬೇಕು. ಇದರ ಮೇಲೆ, ಯಂತ್ರದ ಬೆನ್ನಿಗೆ ಹಿಂಬದಿಯಿಂದ ಕೈಗೆಟಕುವ ಕೆಂಪು ಅಣಬೆ ಸ್ವಿಚ್ಚೊಂದು ರಿಸೀವರನ್ನು ಕೇಳದೆ ಇಡೀ ವಿದ್ಯುತ್ತನ್ನು ಕಡಿಯುವಂತಿರಬೇಕು.

ಗಡಿಯ ತಂತಿ ಹೂಳಿ ಅಥವಾ ಅತಿ ನಿಖರವಾಗಿ ಜಾಗ ತಿಳಿಸುವ ಆರ್‌ಟಿಕೆ ಜಿಪಿಎಸ್ ಹಾಕಿ ಯಂತ್ರ ತಾನೇ ಓಡುವಂತೆ ಮಾಡುವ ಆಸೆ ಹಲವರಿಗಿರುತ್ತದೆ. ಆರ್ಡುಪೈಲಟ್‌ನಂಥ ಮುಕ್ತ ತಂತ್ರಾಂಶ ಇಂಥ ಎರಡು ಮೋಟಾರಿನ ಗಾಡಿಯನ್ನು ನಡೆಸಬಲ್ಲದು. ಆದರೆ ಎರಿ ನೆಲದ ಬಿರುಕು ಹೂತ ತಂತಿಯನ್ನು ಎಳೆದು ಹರಿಯಬಹುದು, ಬೀದಿ ನಾಯಿಯೂ ಪಕ್ಕದ ಮನೆಯ ಮಗುವೂ ಗಡಿಯನ್ನು ಲೆಕ್ಕಿಸುವುದಿಲ್ಲ. 250 ಕಿಲೋಮೀಟರ್ ವೇಗದ ಬ್ಲೇಡುಳ್ಳ ಯಂತ್ರವನ್ನು ಕಣ್ಣಳತೆಯಿಂದ ಆಚೆ ಬಿಡಲು ನನಗೆ ಧೈರ್ಯವಿಲ್ಲ.

ಮೊದಲ ಪರೀಕ್ಷೆಯನ್ನು ಬ್ಲೇಡಿಲ್ಲದೆ ಮಾಡಬೇಕು. ಯಂತ್ರವನ್ನು ನಾಲ್ಕು ಇಟ್ಟಿಗೆಗಳ ಮೇಲೆ ಚಕ್ರ ಗಾಳಿಯಲ್ಲಿರುವಂತೆ ಏರಿಸಿ, ಕೋಲನ್ನು ಪೂರ್ತಿ ಮುಂದಕ್ಕೊತ್ತಿ, ಚಕ್ರಗಳು ಜೋರಾಗಿ ತಿರುಗುತ್ತಿರುವಾಗಲೇ ರಿಮೋಟನ್ನು ಆರಿಸಿಬಿಡಿ. ಒಂದು ಸೆಕೆಂಡಿನೊಳಗೆ ಎರಡೂ ಚಕ್ರಗಳು ನಿಂತು, ಬ್ಲೇಡಿನ ರಿಲೇ ಟಕ್ ಎಂದು ಬಿಟ್ಟುಕೊಂಡ ಸದ್ದು ಕೇಳಿಸಬೇಕು. ಹತ್ತು ಸಲ ಮಾಡಿದರೆ ಹತ್ತೂ ಸಲ ಕೇಳಿಸಿದ ಮೇಲೆ ಬ್ಯಾಟರಿಯ ಪ್ಲಗ್ ಕಿತ್ತು ಕಿಸೆಗೆ ಹಾಕಿಕೊಂಡು, ಆಮೇಲೆ ಬ್ಲೇಡು ಬಿಗಿಯಲು ಕೂರಬಹುದು.